ಒಂದು ಪುಟದಲ್ಲಿ ಹರಿಶ್ಚಂದ್ರ

"ಒಂದು ಪುಟದಲ್ಲಿ ಹೇಳುವ ಹಾಗಿದ್ದರೆ ನಾನು ಮುನ್ನೂರು ಪುಟ ಯಾಕಮ್ಮ ಬರೆಯುತ್ತಿದ್ದೆ?" ಎಂದು ಹಿರಿಯ ಕಾದಂಬರಿಕಾರರೊಬ್ಬರು ಫೋನಿನಲ್ಲಿ ನನ್ನನ್ನು ತರಾಟೆಗೆ ತೆಗೆದುಕೊಂಡರು. ನಾನು ಕೇಳಿದ್ದು ಅವರ ಕಾದಂಬರಿಯ ಸಿನಾಪ್ಸಿಸ್, ಅಂದರೆ ಇಡೀ ಕಥೆಯನ್ನು ಚುಟುಕಾಗಿ ಹೇಳುವ ಹಾಳೆ. ಇಂಗ್ಲಿಷಿಗೆ ಅನುವಾದವಾಗುತ್ತಿದ್ದ ಅದರ ಮೊದಲ ಅಧ್ಯಾಯಗಳು ಸಿದ್ಧವಾಗಿದ್ದವು. ಲಂಡನ್ನಿನ ಏಜೆಂಟರಿಗೆ ಕಳುಹಿಸಲು ಆ ಒಂದು ಹಾಳೆಯಷ್ಟೇ ಬಾಕಿ. ಅವರ ಪ್ರಶ್ನೆಯಲ್ಲಿ ನ್ಯಾಯವಿತ್ತು. ಆದರೆ ಹಾಳೆ ಇಲ್ಲದೆ ಕಡತ ಮುಂದೆ ಹೋಗುವಂತಿರಲಿಲ್ಲ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕೆ ಅಂತರರಾಷ್ಟ್ರೀಯ ಬುಕರ್ ಬಂದಿತು. ಅನುವಾದಕಿ ದೀಪಾ ಭಾಸ್ತಿಯವರ ಹೆಸರು ಎಲ್ಲರ ಬಾಯಲ್ಲೂ ಬಂದಿತು. ಅಲ್ಲಿಂದೀಚೆಗೆ ಕನ್ನಡದ ಲೇಖಕರು ಸೇರಿದಲ್ಲೆಲ್ಲ ನಮ್ಮ ಪುಸ್ತಕ ಆಚೆಗೆ ಹೋಗುವುದು ಹೇಗೆ ಎಂಬ ಮಾತು ಬರುತ್ತದೆ. ಅನುವಾದಕರು ಸಿಗುತ್ತಾರೆಯೇ, ಏಜೆಂಟರು ಯಾರು, ಎಷ್ಟು ಹಣ ಕೊಡಬೇಕು ಎಂದೆಲ್ಲ ಕೇಳುತ್ತಾರೆ. ಸಿನಾಪ್ಸಿಸ್ ಬಗ್ಗೆ ಯಾರೂ ಕೇಳುವುದಿಲ್ಲ. ಅದು ಗುಮಾಸ್ತಿಕೆಯ ಕೆಲಸ, ಯಾರಾದರೂ ಬರೆದು ಹಾಕಿದರಾಯಿತು ಎಂಬ ಭಾವನೆ ಇದೆ. ಗೆಳೆಯರ ಕಾದಂಬರಿಗಳಿಗೆ ಇಂತಹ ಹಾಳೆಗಳನ್ನು ಬರೆಯುತ್ತ, ಬೇರೆಯವರು ಬರೆದದ್ದನ್ನು ತಿದ್ದುತ್ತ ಬಂದಿರುವ ನನಗೆ ಅದರಷ್ಟು ಕಠಿಣವಾದ ಗದ್ಯ ಇನ್ನೊಂದಿಲ್ಲ ಅನ್ನಿಸಿದೆ. ಮುಂದೆ ಅದನ್ನು ಕಥಾಸಾರ ಎಂದೇ ಕರೆಯುತ್ತೇನೆ.

ಮೊದಲು ಈ ಏಜೆಂಟರು ಯಾರು ಎಂಬುದನ್ನು ಹೇಳಿಬಿಡುತ್ತೇನೆ. ಲಂಡನ್, ನ್ಯೂಯಾರ್ಕ್‌ಗಳ ದೊಡ್ಡ ಪ್ರಕಾಶನ ಸಂಸ್ಥೆಗಳು ಲೇಖಕರು ನೇರವಾಗಿ ಕಳುಹಿಸಿದ ಹಸ್ತಪ್ರತಿಯನ್ನು ಸಾಮಾನ್ಯವಾಗಿ ಓದುವುದಿಲ್ಲ. ನಡುವೆ ಲೇಖಕರ ಪರವಾಗಿ ಪುಸ್ತಕವನ್ನು ಪ್ರಕಾಶಕರಿಗೆ ಮಾರುವ ಏಜೆಂಟ್ ಇರಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಲಂಡನ್ನಿನ ಎ.ಪಿ. ವಾಟ್ ಎಂಬಾತ ಈ ಕಸುಬಿಗೆ ಅಡಿಪಾಯ ಹಾಕಿದ. ಕಿಪ್ಲಿಂಗ್, ಕಾನನ್ ಡಾಯ್ಲ್ ಅವರಂಥವರ ವ್ಯವಹಾರ ನೋಡಿಕೊಳ್ಳುತ್ತಿದ್ದ ಅವನು ನೂರಕ್ಕೆ ಹತ್ತರಂತೆ ಕಮಿಷನ್ ಹಿಡಿಯುತ್ತಿದ್ದ. ಈಗ ಸ್ವದೇಶದ ಮಾರಾಟಕ್ಕೆ ನೂರಕ್ಕೆ ಹದಿನೈದು, ವಿದೇಶಿ ಮತ್ತು ಅನುವಾದದ ಹಕ್ಕುಗಳಿಗೆ ಇಪ್ಪತ್ತು ಎಂಬುದು ಬಳಕೆಯಲ್ಲಿರುವ ದರ. ಪುಸ್ತಕ ಮಾರಾಟವಾದರೆ ಮಾತ್ರ ಅವರಿಗೆ ಹಣ. ಓದುವುದಕ್ಕೇ ಶುಲ್ಕ ಕೇಳುವವರು ಏಜೆಂಟರಲ್ಲ, ಆ ಮಿಂಚಂಚೆಯನ್ನು ಅಳಿಸಿಬಿಡಿ. ಭಾರತದಲ್ಲೂ ಕೆಲವರು ಈ ಕೆಲಸ ಮಾಡುತ್ತಾರೆ. ಕನ್ನಡದೊಳಗೆ ಈ ಪದ್ಧತಿ ಬೇರೂರಿಲ್ಲ.

ಬ್ರಿಟನ್ನಿನ ಏಜೆಂಟರು ಸಾಮಾನ್ಯವಾಗಿ ಕೇಳುವುದು ಒಂದು ಪರಿಚಯ ಪತ್ರ, ಕಥಾಸಾರ ಮತ್ತು ಕಾದಂಬರಿಯ ಮೊದಲ ಮೂರು ಅಧ್ಯಾಯ. ಅಧ್ಯಾಯದ ಬದಲು ಮೊದಲ ಹತ್ತು ಸಾವಿರ ಪದ ಎನ್ನುವವರೂ ಇದ್ದಾರೆ. ಅಮೆರಿಕದಲ್ಲಿ ಪತ್ರಕ್ಕೇ ಹೆಚ್ಚು ತೂಕ. ಅದರ ಜೊತೆ ಮೊದಲ ಐದೋ ಹತ್ತೋ ಪುಟ ಹೋಗುತ್ತದೆ, ಕಥಾಸಾರವನ್ನು ಕೆಲವರು ಆಗಲೇ ಕೇಳುತ್ತಾರೆ, ಕೆಲವರು ಆಸಕ್ತಿ ಹುಟ್ಟಿದ ಮೇಲೆ ಕೇಳುತ್ತಾರೆ. ಉದ್ದವೂ ಒಬ್ಬೊಬ್ಬರಿಗೆ ಒಂದೊಂದು. ಐನೂರು ಪದ ಎನ್ನುವವರು ಹೆಚ್ಚು, ಎರಡು ಪುಟದವರೆಗೆ ಸಹಿಸುವವರೂ ಉಂಟು. ಅವರವರ ಜಾಲತಾಣದಲ್ಲಿ ಬರೆದಿರುವುದನ್ನು ಅಕ್ಷರಶಃ ಪಾಲಿಸಬೇಕು. ಐನೂರು ಎಂದವರಿಗೆ ಒಂಬೈನೂರು ಪದ ಕಳುಹಿಸಿದರೆ ಈ ಲೇಖಕ ಹೇಳಿದ್ದು ಕೇಳುವವನಲ್ಲ ಎಂದು ಅವರು ಅಲ್ಲೇ ತೀರ್ಮಾನಿಸಬಹುದು.

ನಮ್ಮವರಿಗೆ ಇದು ಇಷ್ಟು ಕಷ್ಟವಾಗುವುದಕ್ಕೆ ಕಾರಣ ನಮ್ಮ ಪ್ರಕಾಶನ ನಡೆದುಬಂದ ರೀತಿಯಲ್ಲಿದೆ. ಕನ್ನಡದಲ್ಲಿ ಲೇಖಕ ಪ್ರಕಾಶಕರ ಮನೆಗೋ ಅಂಗಡಿಗೋ ಹೋಗಿ ಹಸ್ತಪ್ರತಿ ಕೊಡುತ್ತಾನೆ. ಕಾಫಿ ಕುಡಿಯುತ್ತಾರೆ. ಪ್ರಕಾಶಕರು ಲೇಖಕನ ಹಿಂದಿನ ಪುಸ್ತಕವನ್ನೋ, ಅವನ ಊರನ್ನೋ, ಅವನನ್ನು ಕಳುಹಿಸಿದ ಹಿರಿಯರನ್ನೋ ಬಲ್ಲವರಾಗಿರುತ್ತಾರೆ. ಯಾರದೋ ಮುನ್ನುಡಿ, ಇನ್ಯಾರದೋ ಬೆನ್ನುಡಿ ಸಿದ್ಧವಾಗುತ್ತದೆ. ಈ ಎರಡೂ ಕಥೆಯನ್ನು ಹೇಳುವುದಿಲ್ಲ. ಮುನ್ನುಡಿ ಕಾದಂಬರಿಯನ್ನು ಪರಂಪರೆಯಲ್ಲಿ ಕೂರಿಸುತ್ತದೆ, ಬೆನ್ನುಡಿ ಹರಸುತ್ತದೆ. ಬರಹಗಾರನ ಗುರುತೇ ಇಲ್ಲದ, ಅವನ ಊರಿನ ಹೆಸರನ್ನೇ ಕೇಳದ ಒಬ್ಬರ ಮುಂದೆ ಬರೀ ಕಥೆಯನ್ನು ಇಟ್ಟು ನಿಲ್ಲುವ ಪ್ರಸಂಗ ನಮಗೆ ಬಂದೇ ಇಲ್ಲ.

ಹಾಗೆಂದು ಕಥಾಸಾರದ ರೂಢಿಯೇ ನಮಗಿಲ್ಲ ಎನ್ನಲಾಗದು. ಚಿತ್ರಮಂದಿರಗಳ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳನ್ನು ನೆನಪಿಸಿಕೊಳ್ಳಿ. ತೆಳು ಕಾಗದ, ಹಾಡುಗಳ ಸಾಹಿತ್ಯ, ಮೊದಲ ಪುಟದಲ್ಲಿ ಕಥಾಸಾರಾಂಶ. ನಾಯಕ ಹಳ್ಳಿಯಿಂದ ಬರುತ್ತಾನೆ, ನಾಯಕಿಯನ್ನು ಕಾಣುತ್ತಾನೆ, ಖಳನಾಯಕ ಸಂಚು ಹೂಡುತ್ತಾನೆ, ಮುಂದೇನಾಯಿತು ಎಂಬುದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ! ನನ್ನ ಬಳಿಗೆ ಬರುವ ಕಥಾಸಾರಗಳಲ್ಲಿ ಹೆಚ್ಚಿನವು ಈ ಮಾದರಿಯವೇ. ಭಾಷೆ ಮಾತ್ರ ಗಂಭೀರವಾಗಿರುತ್ತದೆ. 'ಮೂರು ತಲೆಮಾರುಗಳ ಈ ಕಥನ ಓದುಗನನ್ನು ಅನಿರೀಕ್ಷಿತ ತಿರುವಿನೆಡೆಗೆ ಒಯ್ಯುತ್ತದೆ' ಎಂದು ಮುಗಿಯುತ್ತದೆ. ಏಜೆಂಟರಿಗೆ ಬೇಕಾದದ್ದು ಆ ತಿರುವು ಯಾವುದು ಎಂಬುದೇ. ಯಾರು ಸಾಯುತ್ತಾರೆ, ಯಾರು ಯಾರನ್ನು ಬಿಟ್ಟು ಹೋಗುತ್ತಾರೆ, ಕೊಲೆ ಮಾಡಿದವನು ಯಾರು, ಕಟ್ಟಕಡೆಯ ಪುಟದಲ್ಲಿ ನಾಯಕಿ ಎಲ್ಲಿ ನಿಂತಿದ್ದಾಳೆ, ಎಲ್ಲವನ್ನೂ ಬರೆಯಬೇಕು. ಅವರು ಟಿಕೆಟ್ ಕೊಂಡು ಬಂದ ಪ್ರೇಕ್ಷಕರಲ್ಲ. ಈ ಕಟ್ಟಡದ ಹಿಂದಿನ ಗೋಡೆ ನಿಂತಿದೆಯೇ ಎಂದು ನೋಡಲು ಬಂದವರು.

ಕೊನೆಯನ್ನು ಹೇಳಿಬಿಟ್ಟರೆ ಸ್ವಾರಸ್ಯ ಹೋಗುತ್ತದೆ ಎಂದು ಅಳುಕುವವರಿಗೆ ನಾನು ಗದುಗಿನ ಭಾರತ ತೋರಿಸುತ್ತೇನೆ. ಅದರ ಪ್ರತಿ ಸಂಧಿಯೂ 'ಸೂಚನೆ' ಎಂಬ ಪುಟ್ಟ ಪದ್ಯದಿಂದ ಆರಂಭವಾಗುತ್ತದೆ. ಈ ಸಂಧಿಯಲ್ಲಿ ಇಂಥವನು ಇಂಥವನನ್ನು ಗೆದ್ದ, ಇಂಥವನು ಬಿದ್ದ ಎಂದು ಕುಮಾರವ್ಯಾಸ ಕೆಲವೇ ಸಾಲುಗಳಲ್ಲಿ ಹೇಳಿ ಮುಗಿಸುತ್ತಾನೆ. ಆಮೇಲೆ ಹತ್ತಾರು ಪದ್ಯಗಳಲ್ಲಿ ಅದನ್ನೇ ಹೇಳುತ್ತಾನೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲೂ ಇದೇ ಪದ್ಧತಿ. ಗಮಕಿಗಳು ಸೂಚನೆಯನ್ನು ಹಾಡಿದ ಮೇಲೆ ಸಭೆಯಿಂದ ಯಾರೂ ಎದ್ದು ಹೋದದ್ದನ್ನು ನಾನು ಕಂಡಿಲ್ಲ. ಏನಾಗುತ್ತದೆ ಎಂಬುದು ಗೊತ್ತಾದ ಮೇಲೂ ಹೇಗಾಗುತ್ತದೆ ಎಂದು ಕೇಳಲು ಕೂತವರು ನಾವು. ಇಂಥ ಪರಂಪರೆಯವರಿಗೆ ಕೊನೆಯನ್ನು ಬಚ್ಚಿಡುವ ಚಪಲ ಎಲ್ಲಿಂದ ಬಂತೋ! ಹಾಡಿನ ಪುಸ್ತಕದಿಂದಲೇ ಇರಬೇಕು.

ನಿಯಮಗಳನ್ನು ಹೇಳುತ್ತ ಕೂರುವುದಕ್ಕಿಂತ ಒಂದು ಕಥೆಯನ್ನು ಹಿಡಿದು ನೋಡುವುದು ಮೇಲು. ಎಲ್ಲರಿಗೂ ಗೊತ್ತಿರುವ ಕಥೆಯಾದರೆ ಏನು ಬಿಟ್ಟೆವು, ಏನು ಇಟ್ಟುಕೊಂಡೆವು ಎಂಬುದು ತಟ್ಟನೆ ಕಾಣುತ್ತದೆ. ಹಾಗಾಗಿ ಯಾರಾದರೂ ಕಥಾಸಾರ ಬರೆಯುವುದನ್ನು ಕಲಿಸಿ ಎಂದರೆ ನಾನು ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ತೆಗೆದುಕೊಳ್ಳುತ್ತೇನೆ. ನಾಟಕ, ಹರಿಕಥೆ, ಸಿನಿಮಾಗಳಲ್ಲಿ ವಿವರಗಳು ಬೇರೆ ಬೇರೆಯಾಗಿವೆ, ಇಲ್ಲಿ ರಾಘವಾಂಕನ ಜಾಡನ್ನೇ ಹಿಡಿಯುತ್ತೇನೆ.

ಮೊದಲ ಯತ್ನ ಬಹುತೇಕರದ್ದು ಹೀಗಿರುತ್ತದೆ: 'ಇಂದ್ರನ ಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರಿಗೆ ವಾದವಾಗುತ್ತದೆ. ನಂತರ ವಿಶ್ವಾಮಿತ್ರ ಯಾಗಕ್ಕಾಗಿ ಹೊನ್ನು ಕೇಳುತ್ತಾನೆ. ನಂತರ ಕಾಡುಮೃಗಗಳು ನಾಡಿನ ಬೆಳೆಯನ್ನು ಹಾಳುಮಾಡುತ್ತವೆ. ಹರಿಶ್ಚಂದ್ರ ಬೇಟೆಗೆ ಹೋಗುತ್ತಾನೆ. ನಂತರ ಅವನ ಮುಂದೆ ಇಬ್ಬರು ಕನ್ಯೆಯರು ಹಾಡುತ್ತಾರೆ...' ಇದರಲ್ಲಿ ಒಂದೂ ಸುಳ್ಳಿಲ್ಲ. ಆದರೆ ಒಂದು ಘಟನೆ ಇನ್ನೊಂದನ್ನು ಹುಟ್ಟಿಸುವುದು ಕಾಣುವುದಿಲ್ಲ. 'ನಂತರ' ಎಂಬ ಪದವನ್ನು ಅಳಿಸಿ ಆ ಜಾಗದಲ್ಲಿ 'ಆದ್ದರಿಂದ' ಅಥವಾ 'ಆದರೂ' ಇಡಲು ಬರುತ್ತದೆಯೇ ನೋಡಿ. ಬರದಿದ್ದರೆ ಒಂದೋ ಆ ಘಟನೆ ಕಥಾಸಾರಕ್ಕೆ ಬೇಡ, ಇಲ್ಲವೇ ಕಾದಂಬರಿಯಲ್ಲೇ ಒಂದು ಕೊಂಡಿ ತಪ್ಪಿದೆ.

ಈಗ ನನ್ನ ಯತ್ನ:

'ಅಯೋಧ್ಯೆಯ ಅರಸ ಹರಿಶ್ಚಂದ್ರ ಎಂದೂ ಸುಳ್ಳಾಡಿದವನಲ್ಲ. ಆ ಹೆಸರನ್ನು ಮುರಿದೇ ತೀರುತ್ತೇನೆಂದು ಋಷಿ ವಿಶ್ವಾಮಿತ್ರ ತನ್ನ ಎದುರಾಳಿ ವಸಿಷ್ಠನ ಮುಂದೆ ಪಂಥ ಕಟ್ಟುತ್ತಾನೆ. ಯಾಗದ ನೆಪದಲ್ಲಿ ಅಪಾರ ಹೊನ್ನು ಬೇಡಿ, ಅರಸ ಒಪ್ಪಿದೊಡನೆ ಅದನ್ನು ಅವನ ಬಳಿಯೇ ಇಡಗಂಟಾಗಿ ಬಿಡುತ್ತಾನೆ. ಬಳಿಕ ತಾನು ಸೃಷ್ಟಿಸಿದ, ಸಮಾಜ ಹೊರಗಿಟ್ಟ ಕುಲದ ಇಬ್ಬರು ಕನ್ಯೆಯರನ್ನು ಮದುವೆಯಾಗುವಂತೆ ಒತ್ತಾಯಿಸುತ್ತಾನೆ. ಕುಲ ಕೆಡುತ್ತದೆಂದು ಹರಿಶ್ಚಂದ್ರ ನಿರಾಕರಿಸುತ್ತಾನೆ, ಅದಕ್ಕೆ ಬದಲಾಗಿ ರಾಜ್ಯವನ್ನೇ ಬಿಟ್ಟುಕೊಡುತ್ತಾನೆ. ಬೊಕ್ಕಸವೂ ರಾಜ್ಯದೊಂದಿಗೆ ಹೋದ್ದರಿಂದ ಋಷಿಯ ಇಡಗಂಟು ಈಗ ತೀರಿಸಲಾಗದ ಸಾಲವಾಗುತ್ತದೆ. ಗಡುವಿನೊಳಗೆ ಸಾಲ ತೀರಿಸಲು ಅವನು ಕಾಶಿಯಲ್ಲಿ ಹೆಂಡತಿ ಚಂದ್ರಮತಿಯನ್ನೂ ಮಗ ಲೋಹಿತಾಶ್ವನನ್ನೂ ಮಾರುತ್ತಾನೆ. ಅಷ್ಟಕ್ಕೂ ಸಾಲ ತೀರದೆ, ಯಾವ ಕುಲದ ಸಂಬಂಧ ಒಲ್ಲೆನೆಂದು ರಾಜ್ಯ ಬಿಟ್ಟನೋ ಅಂಥದೇ ಕುಲದ ವೀರಬಾಹುಕನಿಗೆ ತನ್ನನ್ನು ಮಾರಿಕೊಂಡು ಅವನ ಸುಡುಗಾಡನ್ನು ಕಾಯುತ್ತಾನೆ. ಹಾವು ಕಚ್ಚಿ ಲೋಹಿತಾಶ್ವ ಸಾಯುತ್ತಾನೆ. ಹೆಣ ಸುಡಲು ಬಂದ ಚಂದ್ರಮತಿಯ ಗುರುತು ಸಿಕ್ಕಿದ ಮೇಲೂ ಹರಿಶ್ಚಂದ್ರ ಸುಡುಗಾಡಿನ ತೆರಿಗೆಯನ್ನು ಬಿಡುವುದಿಲ್ಲ, ಏಕೆಂದರೆ ಅದು ಒಡೆಯನ ಹಣ. ತೆರಿಗೆಯ ಹಣ ತರಲು ಹೊರಟ ಅವಳು ಕಾಶಿಯ ಅರಸನ ಮಗನನ್ನು ಕೊಂದ ಆರೋಪಕ್ಕೆ ಸಿಕ್ಕಿಬೀಳುತ್ತಾಳೆ. ಅವಳ ತಲೆ ಕಡಿಯುವ ಕೆಲಸ ಸುಡುಗಾಡಿನ ಕಾವಲುಗಾರನಾದ ಗಂಡನ ಪಾಲಿಗೇ ಬರುತ್ತದೆ. ಅವನು ಕತ್ತಿ ಎತ್ತುತ್ತಾನೆ, ಬೀಸುತ್ತಾನೆ. ಆ ಗಳಿಗೆಯಲ್ಲಿ ಶಿವ ಪ್ರತ್ಯಕ್ಷನಾಗಿ ತಡೆಯುತ್ತಾನೆ. ಲೋಹಿತಾಶ್ವ ಬದುಕಿ ಬರುತ್ತಾನೆ, ವಿಶ್ವಾಮಿತ್ರ ಸೋಲೊಪ್ಪಿಕೊಂಡು ರಾಜ್ಯ ಮರಳಿಸುತ್ತಾನೆ.'

ಇದನ್ನು ಓದಿದವರು ಮೊದಲು ಕೇಳುವುದು ನಕ್ಷತ್ರಿಕ ಎಲ್ಲಿ ಎಂದು. ಸಾಲ ವಸೂಲಿಗೆ ವಿಶ್ವಾಮಿತ್ರ ಕಳುಹಿಸಿದ, ದಾರಿಯುದ್ದಕ್ಕೂ ಅರಸನ ಪ್ರಾಣ ಹಿಂಡಿದ ಆ ಮಹಾನುಭಾವನನ್ನು ನಾನು ಬಿಟ್ಟಿದ್ದೇನೆ. ನಾಟಕದಲ್ಲಿ ಹೆಚ್ಚು ಚಪ್ಪಾಳೆ ಬೀಳುವುದು ಅವನಿಗೇ. ಬೆನ್ನು ಬಿಡದೆ ಕಾಡುವವರಿಗೆ ಇವತ್ತಿಗೂ ಅವನದೇ ಹೆಸರು. ಆದರೆ ಅವನನ್ನು ತೆಗೆದರೂ ಸಾಲ ಸಾಲವಾಗಿಯೇ ಉಳಿಯುತ್ತದೆ, ಗಡುವು ಗಡುವಾಗಿಯೇ ಉಳಿಯುತ್ತದೆ. ಅವನು ಕಥೆಯ ಜೀವ, ಆದರೂ ಅದರ ಕಂಬವಲ್ಲ. ಕಥಾಸಾರ ಬರೆಯುವವರಿಗೆ ಎದೆ ಕಲ್ಲು ಮಾಡಿಕೊಳ್ಳಬೇಕಾಗುವುದು ಇಲ್ಲೇ. ಪ್ರತಿ ಕಾದಂಬರಿಯಲ್ಲೂ ಒಬ್ಬ ನಕ್ಷತ್ರಿಕ ಇರುತ್ತಾನೆ. ಬರೆಯುವಾಗ ಲೇಖಕರಿಗೆ ಅತಿ ಹೆಚ್ಚು ಖುಷಿ ಕೊಟ್ಟ ಪಾತ್ರ ಅದು, ಕಥಾಸಾರದಲ್ಲಿ ಅದರ ಹೆಸರಿಲ್ಲ ಎಂದು ನೋಡಿದಾಗ ಜಗಳಕ್ಕೆ ಬರುತ್ತಾರೆ. ಪುಟವೊಂದರಲ್ಲಿ ಐದಾರು ಹೆಸರುಗಳಿಗಿಂತ ಹೆಚ್ಚಾದರೆ ಅಪರಿಚಿತ ಓದುಗರ ತಲೆಯಲ್ಲಿ ಒಂದೂ ನಿಲ್ಲುವುದಿಲ್ಲ. ಮೇಲಿನ ತುಣುಕಿನಲ್ಲೇ ಏಳೆಂಟು ಹೆಸರುಗಳಿವೆ. ಏಜೆಂಟರಿಗೆ ಕಳುಹಿಸುವುದಾದರೆ ನಾನು ವಸಿಷ್ಠನ ಹೆಸರನ್ನೂ ತೆಗೆದು 'ಎದುರಾಳಿ ಋಷಿ' ಎಂದಷ್ಟೇ ಬರೆಯುತ್ತೇನೆ.

ಎರಡನೆಯದು, ಇಡೀ ಬೇಟೆಯ ಪ್ರಸಂಗ ಹೋಗಿದೆ. ರಾಘವಾಂಕನ ಕಾಡಿನ ವರ್ಣನೆ, ಬೇಡರ ಗದ್ದಲ, ನಾಯಿಗಳ ಓಟ ಎಲ್ಲವೂ ಹೋಯಿತು. ಶಾಲೆಯಲ್ಲಿ ಪದ್ಯಭಾಗವಾಗಿ ಓದಿದ ಚಂದ್ರಮತಿಯ ಪ್ರಲಾಪಕ್ಕೂ ಇಲ್ಲಿ ಅರ್ಧ ವಾಕ್ಯದ ಜಾಗ ಸಿಕ್ಕಿಲ್ಲ. ಕಾವ್ಯ ಇರುವುದೇ ಅಲ್ಲಿ, ಅದನ್ನೇ ಬಿಟ್ಟರೆ ಉಳಿದದ್ದೇನು ಎಂದು ಕೇಳಬಹುದು. ಆ ಗುಣಕ್ಕೆ ಸಾಕ್ಷಿ ಹೇಳಲು ಜೊತೆಯಲ್ಲಿ ಮೂರು ಅಧ್ಯಾಯ ಹೋಗುತ್ತಿದೆಯಲ್ಲ. ಬರವಣಿಗೆ ಹೇಗಿದೆ ಎಂಬುದನ್ನು ಏಜೆಂಟರು ಅಲ್ಲಿ ನೋಡುತ್ತಾರೆ. ಹಲವರು ಮೊದಲು ಅಧ್ಯಾಯಗಳನ್ನೇ ಓದಿ, ಹಿಡಿಸಿದರೆ ಮಾತ್ರ ಕಥಾಸಾರ ತೆರೆಯುತ್ತಾರೆ. ಚೆನ್ನಾಗಿ ಶುರುವಾದ ಈ ಕಥೆ ಎಲ್ಲಿಗಾದರೂ ಹೋಗುತ್ತದೆಯೇ ಎಂಬ ಒಂದೇ ಅನುಮಾನ ಆಗ ಅವರಲ್ಲಿರುತ್ತದೆ. 'ಮನ ಕಲಕುವ', 'ಕಾವ್ಯಾತ್ಮಕವಾದ', 'ಅಪರೂಪದ' ಎಂದು ಕಥಾಸಾರದಲ್ಲಿ ತನ್ನನ್ನು ತಾನೇ ಹೊಗಳಿಕೊಳ್ಳುವ ಗುಣವಾಚಕಗಳು ಆ ಅನುಮಾನಕ್ಕೆ ಉತ್ತರ ಕೊಡುವುದಿಲ್ಲ.

ಮೂರನೆಯ ವಿಷಯ ನನಗೆ ಬಹಳ ಮುಖ್ಯ. ರಾಜ್ಯ ಹೋದರೂ ಸರಿ, ಆ ಕನ್ಯೆಯರು ಬೇಡ ಎಂದವನು ಕೊನೆಗೆ ಅಂಥವರ ಮನೆಯ ಆಳಾಗುತ್ತಾನೆ. ಕಾವ್ಯದಲ್ಲಿ ಈ ಎರಡು ಘಟನೆಗಳ ನಡುವೆ ನೂರಾರು ಪದ್ಯಗಳಿವೆ. ಓದುವಾಗ ಒಂದರ ನೆರಳು ಇನ್ನೊಂದರ ಮೇಲೆ ಬೀಳುವುದು ಮೆಲ್ಲಗೆ ಅರಿವಿಗೆ ಬರುತ್ತದೆ. ಕಥಾಸಾರದಲ್ಲಿ ಅವು ಎರಡು ವಾಕ್ಯಗಳ ಅಂತರದಲ್ಲಿ ಬಂದು ಡಿಕ್ಕಿ ಹೊಡೆಯುತ್ತವೆ. ಕಾವ್ಯದ ಹೂರಣ ಅಲ್ಲಿದೆ: ಸತ್ಯಕ್ಕಾಗಿ ಏನನ್ನಾದರೂ ಬಿಡುತ್ತೇನೆ ಎನ್ನುವವನು ಮೊದಲು ಬಿಡಲೊಪ್ಪದೆ ಹೋದದ್ದು ಕುಲದ ಹೆಮ್ಮೆಯನ್ನು. ಹೀಗೆಂದು ಕಥಾಸಾರದಲ್ಲಿ ಬಾಯಿಬಿಟ್ಟು ಬರೆಯಬೇಕಾಗಿಲ್ಲ. ಆಶಯ, ಸಂದೇಶ, ಧ್ವನಿ ಎಂದು ಕೊನೆಗೊಂದು ಪ್ಯಾರಾ ಸೇರಿಸುವ ನಮ್ಮವರ ಅಭ್ಯಾಸ ಮುನ್ನುಡಿಗಳ ಸಹವಾಸದಿಂದ ಬಂದದ್ದು. ಘಟನೆಗಳನ್ನು ಸರಿಯಾದ ಅಂತರದಲ್ಲಿ ಇಟ್ಟರೆ ಆಶಯ ತಾನಾಗಿ ಕಾಣುತ್ತದೆ.

ಇನ್ನು ಶಿವ. ದೇವರು ಬಂದು ಎಲ್ಲವನ್ನೂ ಸರಿಮಾಡಿದ ಎಂದರೆ ಇಂದಿನ ಯಾವ ಏಜೆಂಟರೂ ಹುಬ್ಬೇರಿಸುತ್ತಾರೆ. ಇವತ್ತಿನ ಕಾದಂಬರಿಗಳಲ್ಲಿ ದೇವರ ಬದಲು ಹೃದಯಾಘಾತ, ರಸ್ತೆ ಅಪಘಾತ, ಅಮೆರಿಕದಿಂದ ಬರುವ ಫೋನ್ ಕರೆ ಆ ಕೆಲಸ ಮಾಡುತ್ತವೆ. ಲೇಖಕರಿಗೆ ಕಥೆ ಮುಗಿಸುವುದು ತೋಚದಾಗ ಆಕಾಶದಿಂದ ಏನೋ ಬೀಳುತ್ತದೆ. ರಾಘವಾಂಕ ಹಾಗೆ ಮಾಡಲಿಲ್ಲ. ಹರಿಶ್ಚಂದ್ರ ಕತ್ತಿ ಬೀಸಿದ ಮೇಲೆ ಶಿವ ಬರುತ್ತಾನೆ. ನಿರ್ಧಾರ ಅರಸನದ್ದು, ಅದನ್ನು ಅವನು ಮಾಡಿ ಮುಗಿಸಿದ್ದಾನೆ, ಪರೀಕ್ಷೆ ಅಲ್ಲಿಗೇ ಮುಗಿಯಿತು. ದೇವರು ಬಂದು ಫಲಿತಾಂಶ ಓದುತ್ತಾನೆ ಅಷ್ಟೆ. ಕಥಾಸಾರದಲ್ಲಿ 'ಬೀಸುತ್ತಾನೆ' ಎಂಬ ಒಂದು ಕ್ರಿಯಾಪದ ಬಿಟ್ಟುಹೋದರೆ ಇಡೀ ಕಾವ್ಯ ದೈವಕೃಪೆಯ ಸಾಧಾರಣ ಕಥೆಯಾಗಿ ಕಾಣುತ್ತದೆ. ಹಾಗಾಗಿ ನಾನು ಕಥಾಸಾರ ತಿದ್ದುವಾಗ ಮೊದಲು ಕ್ರಿಯಾಪದಗಳಿಗೆ ಗೆರೆ ಎಳೆಯುತ್ತೇನೆ. ಮುಖ್ಯ ಪಾತ್ರ ಎಷ್ಟು ಸಲ ತಾನಾಗಿ ಏನನ್ನಾದರೂ ಮಾಡುತ್ತದೆ, ಎಷ್ಟು ಸಲ ಅದಕ್ಕೆ ಏನೋ ಆಗುತ್ತದೆ ಎಂದು ನೋಡುತ್ತೇನೆ. ನಮ್ಮ ಕಾದಂಬರಿಗಳ ನಾಯಕರು ತುಂಬ ಸಹಿಸುತ್ತಾರೆ, ನೊಂದುಕೊಳ್ಳುತ್ತಾರೆ, ಕಿಟಕಿಯಿಂದ ಹೊರಗೆ ನೋಡುತ್ತಾರೆ. ಕಥಾಸಾರದಲ್ಲಿ ಅವರ ಸಾಲುಗಳೆಲ್ಲ 'ಅರಿವಾಗುತ್ತದೆ', 'ಅನ್ನಿಸುತ್ತದೆ', 'ಕಾಡುತ್ತದೆ' ಎಂದೇ ಮುಗಿಯುತ್ತವೆ. ಇದು ಕಾದಂಬರಿಯ ದೋಷ ಎಂದು ನಾನು ಹೇಳಲಾರೆ, ಸಹಿಸುವವರ ಬಗ್ಗೆ ದೊಡ್ಡ ಕಾದಂಬರಿಗಳು ಬಂದಿವೆ. ಆದರೆ ಸಹಿಸುವುದು ಎಲ್ಲಿ ಮುರಿಯುತ್ತದೆ, ಅಥವಾ ಮುರಿಯಬೇಕಾದಲ್ಲಿ ಏಕೆ ಮುರಿಯುವುದಿಲ್ಲ ಎಂಬ ಒಂದು ಗಳಿಗೆಯನ್ನಾದರೂ ಹುಡುಕಿ ಹೊರತೆಗೆಯಬೇಕು.

ಕನ್ನಡದಿಂದ ಹೊರಡುವ ಕಥಾಸಾರಗಳಿಗೆ ಇದರ ಮೇಲೆ ಇನ್ನೊಂದು ಹೊರೆ ಇದೆ. ನಮ್ಮ ಕಾದಂಬರಿಗಳು ಹೇಳದೆಯೇ ಹೇಳುವುದು ಬಹಳ. ಒಂದು ಅಡ್ಡಹೆಸರು, ಒಂದು ಊಟದ ಪಂಕ್ತಿ, ಮನೆಯ ಯಾವ ಬಾಗಿಲಿನಿಂದ ಒಳಗೆ ಬಂದರು ಎಂಬ ವಿವರ ಸಾಕು, ಯಾರು ಯಾವ ಜಾತಿ, ಯಾರ ಮುಂದೆ ಯಾರು ಕೂರುವಂತಿಲ್ಲ ಎಂಬುದು ನಮಗೆ ತಿಳಿದುಹೋಗುತ್ತದೆ. ಲಂಡನ್ನಿನ ಓದುಗರಿಗೆ ಆ ಹೆಸರು ಬರೀ ಹೆಸರು. ಕಥೆಯ ಗಂಟು ಜಾತಿಯಲ್ಲಿದ್ದರೆ ಅದನ್ನು ಕಥಾಸಾರದಲ್ಲಿ ಬಿಚ್ಚಿ ಹೇಳಲೇಬೇಕು. ಕಾದಂಬರಿಯಲ್ಲಿ ಎಲ್ಲೂ ಆ ಪದ ಬಳಸದ ಲೇಖಕರಿಗೆ ಇದು ಇರಿಸುಮುರಿಸಿನ ಸಂಗತಿ. ನಾನು ಒತ್ತಾಯ ಮಾಡುತ್ತೇನೆ.

ಮಲೆನಾಡು, ಕರಾವಳಿಯ ಕಾದಂಬರಿಗಳಲ್ಲಿ 1974ರ ಭೂಸುಧಾರಣೆ ಮತ್ತೆ ಮತ್ತೆ ಬರುತ್ತದೆ. 'ಆ ವರ್ಷ ಸೂರ ಡಿಕ್ಲರೇಷನ್ ಕೊಟ್ಟ' ಎಂಬ ಒಂದು ಸಾಲು ನಮ್ಮಲ್ಲಿ ಇಡೀ ಅಧ್ಯಾಯಕ್ಕೆ ಸಮ. ಗೇಣಿದಾರ ಭೂಮಿಯ ಹಕ್ಕು ಕೇಳಿ ಏಳನೇ ನಂಬರಿನ ಫಾರಂ ತುಂಬಿದ, ಭೂನ್ಯಾಯ ಮಂಡಳಿಯ ಮುಂದೆ ಒಡೆಯನೂ ಅವನೂ ಎದುರುಬದುರಾಗಿ ನಿಂತರು, ತಲೆಮಾರುಗಳ ಸಂಬಂಧ ಒಂದು ಮಧ್ಯಾಹ್ನದಲ್ಲಿ ತಿರುವುಮುರುವಾಯಿತು ಎಂಬುದೆಲ್ಲ ಅದರೊಳಗಿದೆ. ಇದನ್ನು ಹೊರಗಿನವರಿಗೆ ಹೇಳುವಾಗ ದೇವರಾಜ ಅರಸು ಸರ್ಕಾರದ ಇತಿಹಾಸ ಶುರುಮಾಡಿದರೆ ಕಥಾಸಾರದ ಕಾಲು ಭಾಗ ಅಲ್ಲೇ ಖರ್ಚಾಗುತ್ತದೆ. ಒಂದು ಪತ್ರಿಕೆಯ ಸಂಪಾದಕೀಯದಷ್ಟು ಹಿನ್ನೆಲೆ ಬರೆದು ಕಳುಹಿಸಿದವರನ್ನು ನೋಡಿದ್ದೇನೆ. 'ಉಳುವವನಿಗೇ ನೆಲದ ಒಡೆತನ ಕೊಡುವ ಹೊಸ ಕಾನೂನು ಬಂದಾಗ, ಸೂರ ತಾನು ಗೇಣಿಗೆ ಮಾಡುತ್ತಿದ್ದ ಗದ್ದೆಯ ಮೇಲೆ ಹಕ್ಕು ಸಾಧಿಸುತ್ತಾನೆ' ಎಂದರೆ ಸಾಕು. ಕಾನೂನು ಅಧೀನ ವಾಕ್ಯದಲ್ಲಿರಲಿ, ಮನುಷ್ಯ ಪ್ರಧಾನ ವಾಕ್ಯದಲ್ಲಿರಲಿ. ಇದೊಂದು ಸೂತ್ರದಿಂದ ಬಹಳ ಹಿನ್ನೆಲೆಗಳು ತಾವಾಗಿ ಸರಿಹೋಗುತ್ತವೆ.

ಹೆಸರುಗಳ ತಾಪತ್ರಯ ಬೇರೆ. ಸುಬ್ಬಣ್ಣ, ಸುಬ್ರಾಯ, ಸುಬ್ಬಮ್ಮ ಮೂವರೂ ಇರುವ ಮನೆಯಲ್ಲಿ ನಮಗೆ ಗೊಂದಲವಿಲ್ಲ, ಊರಲ್ಲಿ ಇರುವುದೇ ಹಾಗೆ. ಹೊರಗಿನವರಿಗೆ ಮೂವರೂ ಒಬ್ಬರೇ. ಒಂದೇ ಪಾತ್ರವನ್ನು ಒಂದು ಸಾಲಿನಲ್ಲಿ ಅಪ್ಪಯ್ಯ, ಮುಂದಿನ ಸಾಲಿನಲ್ಲಿ ರಾಮಪ್ಪ, ಆಮೇಲೆ ಶಾನುಭೋಗರು ಎಂದರೂ ಹಾಗೆಯೇ. ಕಥಾಸಾರದಲ್ಲಿ ಒಬ್ಬರಿಗೆ ಒಂದೇ ಹೆಸರು. ಮೊದಲ ಸಲ ಹೆಸರು ಬರುವಾಗ ಇಂಗ್ಲಿಷಿನಲ್ಲಿ ಅದನ್ನು ದೊಡ್ಡಕ್ಷರದಲ್ಲಿ ಬರೆಯುವ ವಾಡಿಕೆಯಿದೆ, ಪಕ್ಕದಲ್ಲಿ ವಯಸ್ಸು ಸೇರಿಸುವವರೂ ಇದ್ದಾರೆ. ವರ್ತಮಾನ ಕಾಲ, ಪ್ರಥಮ ಪುರುಷ. ಅಂದರೆ ಕಾದಂಬರಿ 'ನಾನು' ಎಂದು ಹೇಳಿಕೊಂಡು ಹೋಗುತ್ತಿದ್ದರೂ ಕಥಾಸಾರದಲ್ಲಿ ಅವನು, ಅವಳು. ಕಾಲವನ್ನು ಹಿಂದೆ ಮುಂದೆ ಮಾಡಿ ಕಟ್ಟಿದ ಕಾದಂಬರಿಯಾದರೆ ಪುಸ್ತಕದಲ್ಲಿ ಬರುವ ಕ್ರಮದಲ್ಲೇ ಹೇಳಬೇಕೋ, ಘಟನೆಗಳು ನಡೆದ ಕ್ರಮದಲ್ಲೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ರಹಸ್ಯ ಬಯಲಾಗುವ ಕ್ರಮದ ಮೇಲೆಯೇ ಕಥೆ ನಿಂತಿದ್ದರೆ ನಾನು ಪುಸ್ತಕದ ಕ್ರಮವನ್ನು ಉಳಿಸಿಕೊಳ್ಳುತ್ತೇನೆ, ಉಳಿದಂತೆ ಘಟನೆಗಳ ಕ್ರಮವೇ ಸಲೀಸು.

ಮುನ್ನೂರು ಪುಟದ ಕಥಾಸಾರ ಬರೆಯುವಾಗ ಮೊದಲ ನೂರು ಪುಟಕ್ಕೆ ಅರ್ಧ ಹಾಳೆ ಖರ್ಚಾಗಿ, ಕೊನೆಯ ಐವತ್ತಕ್ಕೆ ಇನ್ನರ್ಧ ಹೋಗಿ, ನಡುವಿನ ನೂರೈವತ್ತು ಪುಟ 'ಹೀಗೆ ದಿನಗಳು ಉರುಳುತ್ತವೆ' ಎಂಬ ವಾಕ್ಯದಲ್ಲಿ ಮುಳುಗಿಹೋಗುವುದು ಅಪರೂಪವಲ್ಲ. ಆ ವಾಕ್ಯ ಕಂಡಾಗ ನಾನು ಕಥಾಸಾರವನ್ನು ಬದಿಗಿಟ್ಟು ಹಸ್ತಪ್ರತಿಯನ್ನು ತೆರೆಯುತ್ತೇನೆ. ಕೆಲವೊಮ್ಮೆ ನಡುಭಾಗದಲ್ಲಿ ನಿಜಕ್ಕೂ ದಿನಗಳು ಉರುಳುತ್ತಿರುತ್ತವೆ, ಬೇರೇನೂ ಆಗುತ್ತಿರುವುದಿಲ್ಲ. ಪ್ರಕಟವಾಗದ ಕಾದಂಬರಿಯಾಗಿದ್ದರೆ ಅದನ್ನು ಗಮನಿಸಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ, ಆದ್ದರಿಂದಲೇ ಅಂತಿಮ ಕರಡಿಗೆ ಮೊದಲೇ ಒಂದು ಕಥಾಸಾರ ಬರೆದು ನೋಡಿ ಎಂದು ಹೊಸಬರಿಗೆ ಹೇಳುತ್ತೇನೆ. ಈಗಾಗಲೇ ಅಚ್ಚಾಗಿ, ಪ್ರಶಸ್ತಿಯೂ ಬಂದಿರುವ ಕಾದಂಬರಿಯಾದರೆ ಏನು ಮಾಡುವುದು? ಅನುವಾದಕರು ಕಥೆ ಬದಲಿಸುವಂತಿಲ್ಲ. ಅಲ್ಲಿ ಪ್ರಾಮಾಣಿಕವಾಗಿ ಇರುವುದನ್ನೇ ಬರೆದು, ಆ ನಿಂತ ನೀರಿನಲ್ಲಿ ಯಾವ ಸಂಬಂಧ ಸದ್ದಿಲ್ಲದೆ ಬದಲಾಗುತ್ತಿದೆ ಎಂಬುದನ್ನು ಹೆಕ್ಕಬೇಕು. ಇದಕ್ಕೆ ಕಾದಂಬರಿಯನ್ನು ಮತ್ತೆ ಓದಬೇಕಾಗುತ್ತದೆ. ನೆನಪಿನಿಂದ ಬರೆದ ಕಥಾಸಾರ ನೆನಪಿನಲ್ಲಿ ಉಳಿದ ದೃಶ್ಯಗಳ ಪಟ್ಟಿಯಾಗುತ್ತದೆ.

ಕೃತಕ ಬುದ್ಧಿಮತ್ತೆಗೆ ಹಸ್ತಪ್ರತಿ ತಿನ್ನಿಸಿ ಕಥಾಸಾರ ಬರೆಯಿಸುವವರು ಈಗ ಬಂದಿದ್ದಾರೆ. ನನ್ನ ಬಳಿ ಬಂದ ಅಂಥ ಹಾಳೆಗಳಲ್ಲಿ ನಕ್ಷತ್ರಿಕನಿಗೂ ಹರಿಶ್ಚಂದ್ರನಿಗೂ ಸಮಪಾಲು ಸಿಕ್ಕಿರುತ್ತದೆ, ಕೊನೆಗೆ ಎಲ್ಲ ಪಾತ್ರಗಳೂ ಏನಾದರೊಂದು ಕಲಿತಿರುತ್ತವೆ. ಯಂತ್ರದಿಂದ ಬರೆಯಿಸಿದ್ದು ಬೇಡ ಎಂದು ಹಲವು ಏಜೆಂಟರು ತಮ್ಮ ನಿಯಮಗಳಲ್ಲೇ ಹೇಳುತ್ತಿದ್ದಾರೆ. ಅದನ್ನೂ ನೋಡಿಕೊಳ್ಳಿ.

ಅನುವಾದಿತ ಕೃತಿಯನ್ನು ಕಳುಹಿಸುವವರು ಒಂದು ವಿಷಯ ಮರೆಯಬಾರದು. ಇಂಗ್ಲಿಷಿನಲ್ಲೇ ಬರೆದವರ ಪೂರ್ತಿ ಹಸ್ತಪ್ರತಿ ಸಿದ್ಧವಾಗಿರಬೇಕೆಂದು ಏಜೆಂಟರು ಬಯಸುತ್ತಾರೆ, ಕೇಳಿದ ದಿನವೇ ಕೊಡಬಹುದು. ನಮ್ಮಲ್ಲಿ ಸಾಮಾನ್ಯವಾಗಿ ಮೂವತ್ತು ನಲವತ್ತು ಪುಟ ಅನುವಾದವಾಗಿರುತ್ತದೆ, ಉಳಿದದ್ದು ಕನ್ನಡದಲ್ಲೇ ಇರುತ್ತದೆ. ಕನ್ನಡ ಓದಲು ಬರದವರಿಗೆ ಆ ಉಳಿದ ಭಾಗವೆಲ್ಲ ಕಥಾಸಾರದ ಮೂಲಕವೇ ಕಾಣಬೇಕು. ಬೇರೆಯವರ ಕಥಾಸಾರ ಕಾದಂಬರಿಯ ಪಕ್ಕದಲ್ಲಿ ಕೂರುತ್ತದೆ, ನಮ್ಮದು ಎಷ್ಟೋ ಸಲ ಕಾದಂಬರಿಯ ಜಾಗದಲ್ಲೇ ಕೂರುತ್ತದೆ. ಏಜೆಂಟರು ಒಪ್ಪಿದ ಮೇಲೂ ಅದರ ಕೆಲಸ ಮುಗಿಯುವುದಿಲ್ಲ. ಪ್ರಕಾಶಕರ ಸಭೆಯಲ್ಲಿ ಪುಸ್ತಕ ಕೊಳ್ಳಬೇಕೋ ಬೇಡವೋ ಎಂದು ಮಾತಾಡುವ ಮಾರಾಟ ವಿಭಾಗದವರು, ಫ್ರಾಂಕ್‌ಫರ್ಟ್ ಪುಸ್ತಕ ಮೇಳದಲ್ಲಿ ಬೇರೆ ಭಾಷೆಯ ಹಕ್ಕು ಕೇಳುವವರು ಮೊದಲು ನೋಡುವುದು ಇಂಥದೇ ಒಂದೆರಡು ಪುಟ. ಫಾರಂ ನಂಬರ್ ಏಳು, ಸೂರ, ಆ ಗದ್ದೆ ಅವರ ತನಕ ಹೋಗಬೇಕಾದರೆ ಈ ಪುಟದಲ್ಲೇ ಹೋಗಬೇಕು.

ಕಳುಹಿಸುವ ಮೊದಲು ಕಾದಂಬರಿ ಓದಿರದ ಯಾರಿಗಾದರೂ, ಸಾಧ್ಯವಾದರೆ ನಮ್ಮ ಕಡೆಯವರಲ್ಲದವರಿಗೆ, ಕಥಾಸಾರ ಕೊಟ್ಟು ಓದಿಸಿ. ಚೆನ್ನಾಗಿದೆಯೇ ಎಂದು ಕೇಳಬೇಡಿ, ಕಥೆಯನ್ನು ಮರಳಿ ಹೇಳುವಂತೆ ಕೇಳಿ. ಅವರು ತಡವರಿಸುವ ಜಾಗಕ್ಕೆ ಗುರುತು ಹಾಕಿ. ಒಮ್ಮೆಗೆ ನಾಲ್ಕಾರು ಏಜೆಂಟರಿಗೆ ಕಳುಹಿಸಬಹುದು, ಅದನ್ನು ಅವರು ತಪ್ಪೆಂದು ಭಾವಿಸುವುದಿಲ್ಲ. ಉತ್ತರಕ್ಕೆ ಎರಡು ಮೂರು ತಿಂಗಳು ಹಿಡಿಯಬಹುದು, ಕೆಲವರು ಇಲ್ಲ ಎಂಬುದನ್ನು ಮೌನದಿಂದಲೇ ಹೇಳುತ್ತಾರೆ. ಮತ್ತೆ ದಯವಿಟ್ಟು ಕಡತದ ಹೆಸರಿನಲ್ಲಿ ನಿಮ್ಮ ಹೆಸರೂ ಕಾದಂಬರಿಯ ಹೆಸರೂ ಇರಲಿ. 'ಸಿನಾಪ್ಸಿಸ್ ಅಂತಿಮ ಹೊಸತು 2' ಎಂಬ ಕಡತಗಳು ನನ್ನ ಕಂಪ್ಯೂಟರಿನಲ್ಲೇ ಸಾಕಷ್ಟಿವೆ, ಯಾವುದು ಯಾರದ್ದೆಂದು ತೆರೆದು ನೋಡದೆ ನನಗೂ ತಿಳಿಯುವುದಿಲ್ಲ.